ಬುಧವಾರ ಬಾರದ ಕಸದ ಗಾಡಿ

ಎರಡು ಸಾವಿರದ ಒಂಬತ್ತನೆಯ ಇಸವಿ ಸೆಪ್ಟೆಂಬರ್ ಒಂಬತ್ತು, ಬುಧವಾರ, ಸಂಜೆ ಐದು ಗಂಟೆ ಮೂವತ್ತೈದು ನಿಮಿಷಕ್ಕೆ ಲಿಯಾವ್ ದೆಶಿನ್‌ನ ಅಡುಗೆಮನೆಯ ರೇಡಿಯೋದೊಳಗಿಂದ ಕಸದ ಗಾಡಿಯ ಹಾಡು ಕೇಳಿಸಿತು.

ಸಣ್ಣಗೆ ಕೇಳಿಸಿತು. ರೇಡಿಯೋ ಮಾತುಗಾರ ಫಾನ್ ಯುಂಗ್‌ಚಾವ್‌ನ ಗುಡುಗುದನಿಯ ಹಿಂದೆ, ಯಾವುದೋ ಕಿಟಕಿಯಾಚೆಯ ಓಣಿಯಲ್ಲಿ, ಹತ್ತು ಸೆಕೆಂಡು ಸುಳಿದು ಮರೆಯಾಯಿತು. ಹೊಳೆಯ ಈ ಕಡೆಯ ಯುಂಗ್‌ಹ ಪೇಟೆಯಲ್ಲಿ ಆ ಹಾಡು ಕಿವಿಗೆ ಬಿದ್ದರೆ ಮಲಗಿದವನೂ ಎದ್ದು ಕಸದ ಚೀಲಕ್ಕೆ ಕೈ ಚಾಚುತ್ತಾನೆ. ಲಿಯಾವ್‌ನ ಕೈಯೂ ಚಾಚಿತು. ಅರ್ಧ ದಾರಿಯಲ್ಲಿ ನಿಂತಿತು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಬುಧವಾರ. ಬುಧವಾರ ಮತ್ತು ಭಾನುವಾರ ಈ ಕಡೆಯ ಯಾವ ಓಣಿಗೂ, ರೇಡಿಯೋ ಕೇಂದ್ರದ ಓಣಿಗೂ, ಗಾಡಿ ಬರುವುದಿಲ್ಲ.

ಆದರೆ ಫಾನ್ ಈಗಷ್ಟೇ, "ಇದೋ ಈ ಗಳಿಗೆಯಲ್ಲಿ, ನಿಮ್ಮ ಜೊತೆ ನೇರವಾಗಿ" ಎಂದು ಎದೆ ತಟ್ಟಿಕೊಂಡಿದ್ದ.

"ಸುಳ್ಳ!" ಎಂದ ಲಿಯಾವ್, ರೇಡಿಯೋದ ಕಡೆ ಬೆರಳು ಮಾಡಿ. "ಇದು ನಿನ್ನೆ ಹಿಡಿದಿಟ್ಟಿದ್ದು. ಮಂಗಳವಾರದ ಸರಕು."

ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಯುಲಾನ್ ತಲೆ ಎತ್ತಲಿಲ್ಲ. "ಹದಿನೈದು ವರ್ಷದಿಂದ ಆ ಮನುಷ್ಯನ ಜೊತೆ ಮಾತಿಲ್ಲ, ಕತೆಯಿಲ್ಲ. ಆದ್ರೂ ದಿನಾ ಸಂಜೆ ಅವನ ಬಾಯಿಗೆ ಕಿವಿ ಕೊಟ್ಕೊಂಡು ಕೂತಿರ್ತೀರಿ. ಆ ನೋಟ್‌ಬುಕ್ ಬೇರೆ! ಅವನು ಕೆಮ್ಮಿದ ತಾರೀಕೂ ಬರೀತೀರಿ. ನನ್ನ ಹುಟ್ಟಿದ ದಿನ ಅದ್ರಲ್ಲಿದ್ಯಾ?"

"ಇದೆ. ಎರಡನೇ ಪುಟ."

"ಮೊದಲ್ನೇ ಪುಟದಲ್ಲಿ?"

ಲಿಯಾವ್ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡ. ಮೊದಲನೆಯ ಪುಟದಲ್ಲಿ ಒಂದೇ ಸಾಲಿತ್ತು: 'ಮೇ ಮೂವತ್ತೊಂದರ ಮರುದಿನ ಜೂನ್ ಒಂದು.' ಅದರ ಅರ್ಥವನ್ನು ಅವನು ಯಾರಿಗೂ ಬಿಡಿಸಿ ಹೇಳಿದವನಲ್ಲ.

ಫಾನ್ ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ, ಸಮುದ್ರದಾಚೆಯ ಹಬೇ ಪ್ರಾಂತದಲ್ಲಿ. ಹತ್ತು ವರ್ಷದವನಿದ್ದಾಗ ಸೇನೆಯಲ್ಲಿ ಅಡುಗೆಯವನಾಗಿದ್ದ ತಂದೆ ಅವನನ್ನು ಹಿಟ್ಟಿನ ಮೂಟೆಗಳ ನಡುವೆ ಕೂರಿಸಿ ಹಡಗು ಹತ್ತಿಸಿದ. ತಾಯಿ ಮುಂದಿನ ಹಡಗಿಗೆ ಬರುವಳೆಂದರು. ಮುಂದಿನ ಹಡಗು ಹೊರಡಲೇ ಇಲ್ಲ. ಸೈನಿಕರ ಬಿಡಾರದಲ್ಲಿ ಬೆಳೆದ ಹುಡುಗ ಹೊಟ್ಟೆಗಿಂತ ಮೊದಲು ಬಾಯಿ ತುಂಬಿಸಿಕೊಂಡ. ಹತ್ತು ಪ್ರಾಂತಗಳ ಆಡುಮಾತನ್ನು ಅಣಕಿಸಬಲ್ಲವನಾದ. ಇಬ್ಬರು ನಿಂತು ಬರಿಯ ಮಾತಿನಿಂದ ನಗಿಸುವ ಆಟವನ್ನು ಸೇನಾ ತಂಡದ ಗುರುವಿನಲ್ಲಿ ಕಲಿತ. ಅದೇ ಗುರುವಿನ ಕಿರಿಯ ಶಿಷ್ಯ ಲಿಯಾವ್; ಆ ಕಸುಬಿನ ರೂಢಿಯಂತೆ ಫಾನ್ ಅವನಿಗೆ ಅಣ್ಣ. ಆ ಆಟದಲ್ಲಿ ಒಬ್ಬ ಹೇಳುವವನು, ಇನ್ನೊಬ್ಬ ಹೂಂಗುಡುವವನು. ಹೇಳುವವನು ಸುಳ್ಳಿನ ಗೋಪುರ ಕಟ್ಟುತ್ತಾನೆ, ಹೂಂಗುಡುವವನು ಅವನ ಮಾತನ್ನೇ ತಿರುಗಿ ಹೇಳುತ್ತ, "ಹೌದೇ?" "ಆಮೇಲೆ?" ಎಂದು ಇಟ್ಟಿಗೆ ಎತ್ತಿಕೊಡುತ್ತಾನೆ. ಫಾನ್ ಹೇಳಿದ; ಲಿಯಾವ್ ಹೂಂಗುಟ್ಟಿದ; ಮೂವತ್ತು ವರ್ಷ ಹೀಗೆಯೇ ನಡೆಯಿತು.

ಮೊದಲ ಆಟ ಚಿನ್‌ಮೆನ್ ದ್ವೀಪದಲ್ಲಿ, ಅರುವತ್ತನಾಲ್ಕರ ಮಾರ್ಚ್ ಹದಿನೆಂಟರಂದು. ಹದಿನೆಂಟು ಸರಿಸಂಖ್ಯೆ ಎಂಬುದನ್ನು ಗಮನಿಸಬೇಕು. ಆಗ ಆಚೆಯ ದಡದ ಫಿರಂಗಿಗಳು ಬೆಸಸಂಖ್ಯೆಯ ತಾರೀಕುಗಳಂದು ಮಾತ್ರ ಗುಂಡು ಹಾರಿಸುತ್ತಿದ್ದವು. ಸರಿಸಂಖ್ಯೆಯ ದಿನ ಸುಮ್ಮನಿರುತ್ತಿದ್ದವು. ದ್ವೀಪದಲ್ಲಿ ಬಟ್ಟೆ ಒಗೆಯುವುದು, ಮದುವೆ, ನಾಟಕ, ಎಲ್ಲವೂ ಸರಿದಿನಕ್ಕೆ. ನಿನ್ನೆ ಗುಂಡು ಬಿತ್ತು, ಆದ್ದರಿಂದ ಇಂದು ಬೀಳದು ಎಂಬ ಲೆಕ್ಕದ ಮೇಲೆ ಸಾವಿರಾರು ಜನ ಉಸಿರಾಡುತ್ತಿದ್ದರು.

ರಾಜಕೀಯದ ವಿಷಯದಲ್ಲಿ ಫಾನ್ ಆಗ ಅಪ್ಪಟ ನೀಲಿ ಬಾವುಟದವನು, ಎಂದರೆ ಸೇನೆಯೊಂದಿಗೆ ಸಮುದ್ರ ದಾಟಿ ಬಂದವರ ಪಕ್ಷದವನು. ಬಿಡಾರದ ನಾಯಿಗಳೂ ಆಗ ನೀಲಿಯೇ. 'ಮುಂದಿನ ವರ್ಷ ಊರಿಗೆ' ಎಂಬ ಅವನ ಹಾಸ್ಯ ಬಹಳ ಪ್ರಸಿದ್ಧವಾಯಿತು. ಪ್ರತಿ ವರ್ಷವೂ ಗಂಟು ಕಟ್ಟಿ ಪ್ರತಿ ವರ್ಷವೂ ಬಿಚ್ಚುವ ಸೈನಿಕನ ಕತೆ ಅದು. ಅಧಿಕಾರಿಗಳು ಕಣ್ಣೀರು ಬರುವಂತೆ ನಗುತ್ತಿದ್ದರು. ಎಂಬತ್ತೆಂಟರ ಏಪ್ರಿಲ್ ನಾಲ್ಕರಂದು, ಸಮುದ್ರದಾಚೆಗೆ ಹೋಗುವ ದಾರಿ ತೆರೆದ ಮೇಲೆ, ಫಾನ್ ನಿಜವಾಗಿಯೂ ಊರಿಗೆ ಹೋದ. ತಾಯಿ ಅರುವತ್ತೊಂದರಲ್ಲೇ ಮಣ್ಣಾಗಿದ್ದಳು. ಸತ್ತವಳ ಬಳಿಗೆ ಹೋಗುವ ಗಂಟನ್ನು ಇಷ್ಟು ವರ್ಷ ಕಟ್ಟಿ ಬಿಚ್ಚಿ ಜನರನ್ನು ನಗಿಸಿದ್ದನಲ್ಲ ಎಂದು ಅವನಿಗೆ ಹೊಳೆದದ್ದು ಆ ಗೋರಿಯ ಮುಂದೆ. ಹಿಂತಿರುಗಿದ ಫಾನ್‌ನ ಹಾಸ್ಯಕ್ಕೆ ಹಲ್ಲು ಬಂದಿತ್ತು.

ತೊಂಬತ್ತನಾಲ್ಕರ ಅಕ್ಟೋಬರ್ ಇಪ್ಪತ್ತರಂದು ಅವನು ಒಂದು ಮನೆಯ ಮಾಳಿಗೆಯ ತಗಡಿನ ಗೂಡಿನಿಂದ, ಪರವಾನಗಿಯಿಲ್ಲದ ರೇಡಿಯೋದಲ್ಲಿ, ಇಲ್ಲಿಯ ಮೂಲದವರ ಪಕ್ಷವಾದ ಹಸಿರು ಬಾವುಟದವರ ಪರವಾಗಿ ಮಾತು ಶುರುಮಾಡಿದ. ಕಾರ್ಯಕ್ರಮದ ಹೆಸರು 'ಫಾನ್‌ನ ಚಹಾದಂಗಡಿ'. ಟ್ಯಾಕ್ಸಿಯವರೆಲ್ಲ ಮುಗಿಬಿದ್ದರು. ಬಿಡಾರದಲ್ಲಿ ಬೆಳೆದವನೊಬ್ಬ ಮುರುಕು ಸ್ಥಳೀಯ ಭಾಷೆಯಲ್ಲಿ ಬಿಡಾರದವರ ಪಕ್ಷವನ್ನೇ ಬೈಯುವುದೆಂದರೆ! ಇಲ್ಲಿಯವಳೇ ಆದ ಯುಲಾನ್ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಕೇಳುತ್ತಿದ್ದಳು. ನೀಲಿಯವನಾಗಿಯೇ ಉಳಿದ ಲಿಯಾವ್ ಅಂದಿನಿಂದ ಫಾನ್‌ನೊಂದಿಗೆ ಮಾತು ಬಿಟ್ಟ.

ಎರಡು ಸಾವಿರದ ಐದರ ಏಪ್ರಿಲ್ ಹನ್ನೊಂದರಂದು ಫಾನ್ ಮತ್ತೆ ಮಗ್ಗುಲು ಬದಲಿಸಿದ. ಮೊದಲು ಹಸಿರಿನವರ ಮೇಲೆ ಒಂದು ಸಣ್ಣ ಚುಚ್ಚುಮಾತು. ಮುಂದಿನ ವಾರ ಎರಡು. ವರ್ಷ ಕಳೆಯುವುದರೊಳಗೆ ಅವನು ಪೂರ್ತಿ ನೀಲಿ. ಅದೇ ಹೊತ್ತಿಗೆ, ಕರೆ ಮಾಡಿದವರ ದನಿ ರೇಡಿಯೋದಲ್ಲಿ ಕೇಳುವುದು ನಿಂತಿತು. "ಸಮಯ ಉಳಿಸೋಣ, ನಿಮ್ಮ ಮಾತು ನಾನೇ ಓದ್ತೀನಿ" ಎಂದ. ಈಗ ಅವನು ಆಡುತ್ತಿದ್ದುದು ಲಿಯಾವ್ ಮನಸ್ಸಿನ ಮಾತನ್ನೇ. ಲಿಯಾವ್‌ಗೆ ಅನುಮಾನ ಹುಟ್ಟಿದ್ದು ಅಲ್ಲಿಯೇ. ಹನ್ನೊಂದು ವರ್ಷದ ಎದುರಾಳಿ ಒಮ್ಮೆಲೇ ನಿಮ್ಮ ಬಾಯಿಂದ ಮಾತಾಡತೊಡಗಿದರೆ, ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವುದು ಜಾಣತನ.

ಈ ವರ್ಷದ ಆಗಸ್ಟ್ ಇಪ್ಪತ್ತೇಳರಂದು ಫಾನ್‌ನ ಪತ್ರ ಬಂದಿತ್ತು. 'ತಮ್ಮಾ, ಅಕ್ಟೋಬರ್ ಇಪ್ಪತ್ತಕ್ಕೆ ನನ್ನ ಚಹಾದಂಗಡಿಗೆ ಹದಿನೈದು ತುಂಬುತ್ತದೆ. ಅಂದು ನೇರ ಪ್ರಸಾರ, ಕರೆಗಳೂ ನೇರ. ನನ್ನ ಬಲಕ್ಕೆ ಬಂದು ಕುಳಿತುಕೋ.' ಅಷ್ಟೇ. ಬಾಯಿಯಿಂದಲೇ ಬದುಕಿದ ಮನುಷ್ಯ ಫೋನ್ ಎತ್ತದೆ ಕುಂಚ ಹಿಡಿದು ಬರೆದದ್ದೇಕೆ? 'ಅಂದು ನೇರ' ಎಂದರೆ ಉಳಿದ ದಿನ ಏನು?

ಲಿಯಾವ್ ಬಳಿ ಇದ್ದ ಆಸ್ತಿ ಒಂದೇ: ಅವನ 'ಹೂಂ'. ವೇದಿಕೆಯ ಮೇಲೆ ಅವನು ಹತ್ತು ಸಾವಿರ ಸುಳ್ಳಿಗೆ ಹೂಂಗುಟ್ಟಿದ್ದ. ಕೆಳಗಿಳಿದ ಮೇಲೆ ಒಂದಕ್ಕೂ ಇಲ್ಲ. ಬಿಡಾರದ ಮುದುಕರು, 'ಲಿಯಾವ್ ಹೂಂ ಅಂದನೇ? ಹಾಗಾದರೆ ಸರಿ' ಎನ್ನುತ್ತಿದ್ದರು. ಫಾನ್ ಯಾರಿಗಾದರೂ ಮಾರಿಕೊಂಡಿದ್ದರೆ, ಅವನ ಪಕ್ಕದಲ್ಲಿ ಒಂದು ಗಂಟೆ ಕೂತು ಎದ್ದಾಗ ನಲವತ್ತೈದು ವರ್ಷದ ಆ ಹೆಸರು ನೀರುಪಾಲು. ಮಾರಿಕೊಂಡಿಲ್ಲದಿದ್ದರೆ, ಕೂರದೆ ಉಳಿದವನು ಅಣ್ಣನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾನೆ.

ಹೀಗಾಗಿ ಸೆಪ್ಟೆಂಬರ್ ಹದಿನಾರು, ಬುಧವಾರ, ಐದೂ ಇಪ್ಪತ್ತಕ್ಕೆ ಲಿಯಾವ್ ಆ ರೇಡಿಯೋ ಕೇಂದ್ರದ ಓಣಿಯ ಬಾಯಲ್ಲಿ ನಿಂತಿದ್ದ. ಯಾರೂ ಸಂಶಯಪಡಬಾರದೆಂದು ಕೈಯಲ್ಲಿ ಒಂದು ಚೀಲ ಕಸ ಹಿಡಿದಿದ್ದ.

"ತಾತ, ಯಾರಿಗೆ ಕಾಯ್ತಿದೀರಾ?" ಸೀಬೆಹಣ್ಣಿನ ಅಂಗಡಿಯ ಹೆಂಗಸು ಕೇಳಿದಳು.

"ಕಸದ ಗಾಡಿಗಮ್ಮ."

"ಹಾಗಾದ್ರೆ ಒಂದು ಕುರ್ಚಿ ಹಾಕ್ಲಾ? ನಾಳೆ ಸಂಜೆವರೆಗೂ ಕಾಯ್ಬೇಕಲ್ಲ! ಇವತ್ತು ಬುಧವಾರ ಕಣ್ರೀ ತಾತ." ಅವಳ ಕಣ್ಣು ಕಿರಿದಾಯಿತು. "ಯಾವ ಓಣಿಯವರು ನೀವು? ಇತ್ತೀಚೆಗೆ ಯಾರ್ಯಾರೋ ಬಂದು ನಮ್ಮ ಮೂಲೇಲಿ ಕಸ ಬಿಸಾಕಿ ಹೋಗ್ತಿದಾರೆ. ಮೊನ್ನೆ ಒಬ್ಬನ್ನ ಹಿಡಿದ್ವಿ, ಅವನೂ ಇಷ್ಟೇ ಮರ್ಯಾದಸ್ಥನ ಥರ ಕಾಣ್ತಿದ್ದ."

ಬುಧವಾರದ ಜಾಡು ಹಿಡಿದು ಬಂದವನೇ ಬುಧವಾರವನ್ನು ಮರೆತಿದ್ದ. ಕಿವಿ ಕೆಂಪಾದ ಲಿಯಾವ್ ಚೀಲವನ್ನು ಬೆನ್ನ ಹಿಂದೆ ಸರಿಸಿ, "ನಾನು ಫಾನ್ ಅವರನ್ನ ನೋಡೋಕೆ ಬಂದೆ" ಎಂದ. ಅಂಗಡಿಯ ರೇಡಿಯೋದಲ್ಲಿ ಆ ಗಳಿಗೆಯಲ್ಲೇ ಫಾನ್ ಮೇಜು ಕುಟ್ಟಿ, "ಇದೋ, ನೇರವಾಗಿ!" ಎನ್ನುತ್ತಿದ್ದ.

"ಫಾನ್ ತಾತನಾ? ಅಗೋ, ನೂಡಲ್ಸ್ ತಿಂತಿದಾರೆ."

ಎದುರಿನ ಗೂಡಂಗಡಿಯಲ್ಲಿ, ಓಣಿಗೆ ಬೆನ್ನು ಹಾಕಿ, ಬೋಳುತಲೆಯ ಅಗಲ ಬೆನ್ನಿನ ಮುದುಕನೊಬ್ಬ ಬಟ್ಟಲಿಗೆ ಬಾಗಿದ್ದ. ಅವನ ದನಿ ರೇಡಿಯೋದಲ್ಲಿ ಗುಡುಗುತ್ತಿತ್ತು. ಬಾಯಿ ನೂಡಲ್ಸ್ ಹೀರುತ್ತಿತ್ತು.

"ಅಣ್ಣಾ!" ಎಂದು ಲಿಯಾವ್ ಹಿಂದಿನಿಂದ ಕರೆದ. ಬೆನ್ನು ಅಲುಗಲಿಲ್ಲ. "ಫಾನ್ ಯುಂಗ್‌ಚಾವ್!" ಬೆನ್ನು ಆಗಲೂ ಅಲುಗಲಿಲ್ಲ. ಹೌದು ಮತ್ತೆ, ದೊಡ್ಡ ಮನುಷ್ಯ; ಕೆಲಸವಿದ್ದಾಗ ಪತ್ರ, ಎದುರಿಗೆ ಬಂದರೆ ಬೆನ್ನು. ಲಿಯಾವ್ ದಡದಡನೆ ಹೋಗಿ ಎದುರಿನ ಸ್ಟೂಲಿನ ಮೇಲೆ ಕುಳಿತ.

ಫಾನ್‌ನ ಕೈಯ ಕಡ್ಡಿ ಜಾರಿತು. ಆಮೇಲೆ ಮುಖವೆಲ್ಲ ಬಾಯಾಗಿ ನಕ್ಕ. "ತಮ್ಮಾ! ಬಂದ್ಯಾ? ಹದಿನೈದು ವರ್ಷ ಆದ್ರೂ ಅದೇ ಹುಳಿ ಮುಖ!" ದನಿ ಎಷ್ಟು ಎತ್ತರದಲ್ಲಿತ್ತೆಂದರೆ ಓಣಿಯೇ ತಿರುಗಿ ನೋಡಿತು.

"ನೀನು ಅಲ್ಲಿ ನೇರ ಪ್ರಸಾರದಲ್ಲಿದೀಯಾ, ಇಲ್ಲಿ ನೂಡಲ್ಸ್ ತಿಂತಿದೀಯಾ. ಇದೇನು ಮಾಯ?"

ಫಾನ್ ಅವನ ಬಾಯನ್ನೇ ನೋಡುತ್ತಿದ್ದ. ಉತ್ತರ ಬಂತು, ಆದರೆ ಅರ್ಧ ಉಸಿರು ತಡವಾಗಿ. "ಹಿಡಿದುಬಿಟ್ಯಲ್ಲಪ್ಪ. ಮುಂಚೇನೇ ಮಾಡಿಟ್ಟಿರ್ತೀವಿ."

ಆ ಅರ್ಧ ಉಸಿರು ಲಿಯಾವ್‌ನನ್ನು ಚುಚ್ಚಿತು. ಮೂವತ್ತು ವರ್ಷ ಈ ಮನುಷ್ಯನ ಮಾತಿಗೆ ತಾಳ ಹಾಕಿದವನು ಅವನು. ಫಾನ್ ಎಂದೂ ತಡಮಾಡಿದವನಲ್ಲ. ಲಿಯಾವ್ ಮೇಜಿನ ಮೇಲಿದ್ದ ಸಾರಿನ ಬಟ್ಟಲನ್ನೆತ್ತಿ ಕುಡಿಯುವವನಂತೆ ಬಾಯಿಗೆ ಅಡ್ಡ ಹಿಡಿದು, ಸ್ಪಷ್ಟವಾಗಿ ಹೇಳಿದ: "ಅಣ್ಣಾ, ನಿನ್ನ ಚಡ್ಡಿಗೆ ಬೆಂಕಿ ಬಿದ್ದಿದೆ."

"ಹೌದೌದು," ಎಂದು ಫಾನ್ ತಲೆಯಾಡಿಸಿದ. "ಇಲ್ಲಿ ಸಾರು ಚೆನ್ನಾಗಿ ಮಾಡ್ತಾರೆ."

ಪಕ್ಕದ ಮೇಜಿನವರು ಘೊಳ್ಳೆಂದು ನಕ್ಕರು. ಲಿಯಾವ್ ನಗಲಿಲ್ಲ. ಬಟ್ಟಲು ಕೆಳಗಿಟ್ಟು, ತುಟಿ ಬಿಡಿಸಿ ಕೇಳಿದ: "ಯಾವಾಗಿಂದ?"

ಫಾನ್ ಸುತ್ತ ನೋಡಿದ. ಮೊದಲ ಬಾರಿಗೆ ದನಿ ತಗ್ಗಿಸಿದ, ಅತಿಯಾಗಿ ತಗ್ಗಿಸಿದ. "ಬಲಗಿವಿ ಹೋಗಿದ್ದು ನಾಲ್ಕು ವರ್ಷದ ಹಿಂದೆ. ಎಡದ್ದು ನಿಂಗೇ ಗೊತ್ತಲ್ಲ."

ಅವನಿಗೆ ಗೊತ್ತಿರಲಿಲ್ಲ. ಅರುವತ್ತೈದರ ಮೇ ಮೂವತ್ತೊಂದರಂದು ಅವರು ಚಿನ್‌ಮೆನ್‌ನ ಸುರಂಗದಲ್ಲಿ ದಿನವಿಡೀ ಗುಂಡಿನ ಸದ್ದು ಕೇಳಿ ಕುಳಿತಿದ್ದರು. ಮರುದಿನ ಬೆಳಿಗ್ಗೆ ಕಿರಿಯ ಲಿಯಾವ್, "ನಿನ್ನೆ ಬೆಸ, ಇವತ್ತು ಸರಿ, ಬಾರಣ್ಣಾ ಬಿಸಿಲು ಕಾಯಿಸೋಣ" ಎಂದು ಕೈ ಹಿಡಿದು ಹೊರಗೆ ಕರೆದೊಯ್ದಿದ್ದ. ಮೂವತ್ತೊಂದಾದ ಮೇಲೆ ಒಂದು. ಎರಡೂ ಬೆಸವೆಂಬುದು ಅವನಿಗೆ ಹೊಳೆದಿರಲಿಲ್ಲ. ಗುಂಡು ಫಾನ್‌ನ ಎಡಕ್ಕೆ ಸಿಡಿಯಿತು. ವಾರದ ಬಳಿಕ ಫಾನ್, "ಕಿವಿ ಸರಿಹೋಯ್ತು" ಎಂದಿದ್ದ. ಆದರೆ ಅಂದಿನಿಂದ ವೇದಿಕೆಯ ಮೇಲೆ ಲಿಯಾವ್ ತನ್ನ ಬಲಕ್ಕೇ ನಿಲ್ಲಬೇಕೆಂದು ಫಾನ್ ಹಟ ಹಿಡಿದ. ಬೆಳಕು ಚೆನ್ನಾಗಿ ಬೀಳುವ ಜಾಗವನ್ನು ಅಣ್ಣ ಕಬಳಿಸಿದನೆಂದು ಲಿಯಾವ್ ಮೂವತ್ತು ವರ್ಷ ಒಳಗೊಳಗೇ ಕುದಿದಿದ್ದ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆವತ್ತಿಂದ ಹೂಂಗುಡ್ತಿರ್ಲಿಲ್ಲ, ಅಳ್ತಿದ್ದೆ. ಅಳೋನನ್ನ ಪಕ್ಕ ಇಟ್ಕೊಂಡು ಯಾರು ನಗಿಸ್ತಾರೆ?"

ಫಾನ್ ಜೇಬಿನಿಂದ ಚೀಟಿಗಳ ಕಂತೆ ತೆಗೆದ. ಕೇಂದ್ರದಲ್ಲಿ ಕರೆ ತೆಗೆದುಕೊಳ್ಳುವ ಛಾಯ್‌ಫೆಂಗ್ ಎಂಬ ಹೆಣ್ಣುಮಗಳು ಜನರ ಮಾತನ್ನು ಬರೆದುಕೊಡುತ್ತಾಳೆ. ಫಾನ್ ಓದಿ ಉತ್ತರಿಸುತ್ತಾನೆ. ದನಿ ಏರುಪೇರಾದ ಕಡೆ ಅವಳೇ ಕತ್ತರಿಸಿ ಜೋಡಿಸುತ್ತಾಳೆ. ಕೇಂದ್ರದ ಮಾಲೀಕನಿಗೂ ತಿಳಿಯದು. ಆದರೆ ಹದಿನೈದನೆಯ ವರ್ಷಕ್ಕೆ ಕರೆಗಳನ್ನು ನೇರವಾಗಿ ಕೇಳಿಸುವುದಾಗಿ ಆ ಮಾಲೀಕ ಜಾಹೀರಾತು ಕೊಟ್ಟುಬಿಟ್ಟಿದ್ದ.

"ಓ, ಅದಕ್ಕೆ ನಾನು ಬೇಕಾದೆ," ಎಂದ ಲಿಯಾವ್. "ತಮ್ಮ ಬೇಕಾಗಿರ್ಲಿಲ್ಲ, ಕಿವಿ ಬೇಕಾಗಿತ್ತು."

"ಹೇಳಿದ್ದನ್ನ ತಿರುಗಿ ಹೇಳೋದು ನಿನ್ನ ಕಸುಬು ತಾನೇ? ಕರೆ ಮಾಡಿದವರು ಹೇಳಿದ್ದನ್ನ ನೀನು ನನ್ನ ಕಡೆ ಮುಖ ಮಾಡಿ ತಿರುಗಿ ಹೇಳು. ಕೇಳೋರಿಗೆ ಹಳೇ ಆಟದ ಥರಾನೇ ಇರುತ್ತೆ."

ಲಿಯಾವ್ ಚೀಟಿಗಳನ್ನು ಒಂದೊಂದಾಗಿ ನೋಡಿದ. 'ಭೇಷ್ ಹೇಳಿದಿರಿ.' 'ಹಸಿರಿನವರಿಗೆ ಸರಿಯಾಗಿ ಕೊಟ್ಟಿರಿ.' 'ಇನ್ನೂ ಹೇಳಿ.' ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. "ನೀನು ಪಕ್ಷ ಬದಲಾಯ್ಸಿದ್ದು ಯಾಕೆ?"

"ಜನ ಬದಲಾದ್ರು. ನಾಲ್ಕು ವರ್ಷದಿಂದ ಓದ್ತಿದೀನಲ್ಲ. ಚುಚ್ಚಿದಷ್ಟೂ ಭೇಷ್ ಅಂತಾರೆ. ನಗು ಎಲ್ಲಿದ್ಯೋ ಅಲ್ಲಿಗೆ ಹೋಗೋನು ವಿದೂಷಕ."

"ಆ ನಗುವನ್ನ ನೀನು ಕೇಳಿದೀಯಾ?"

ಫಾನ್ ಆ ಪ್ರಶ್ನೆ ತನಗೆ ಕಾಣಿಸಲಿಲ್ಲವೆಂಬಂತೆ ಕಡ್ಡಿ ಎತ್ತಿಕೊಂಡ.

ಲಿಯಾವ್ ಒಪ್ಪಿಕೊಂಡ, ಆದರೆ ಅನುಮಾನವನ್ನು ಮನೆಗೆ ಹೊತ್ತು ತಂದ, ಕಸದ ಚೀಲದ ಜೊತೆಗೇ. ಛಾಯ್‌ಫೆಂಗ್‌ಗೆ ಹೀಗೆ ಬರೆಯಲು ಹೇಳಿದವರಾರು? ಯುಲಾನ್ ಎಲ್ಲ ಕೇಳಿ ಒಂದೇ ಮಾತು ಹೇಳಿದಳು: "ಅವನು ಈಗ ನಿಮ್ಮ ಕಡೆಯವನಲ್ವಾ? ಮತ್ಯಾಕೆ ಕೆದಕ್ತೀರಿ? ಹಸಿರಿನವರು ಬೈದದ್ದನ್ನ ನೀವೇ ಸ್ವಲ್ಪ ನುಂಗಿಕೊಂಡ್ರೆ ಆಯ್ತು. ಅವನು ನೀಲಿಯಾಗೇ ಉಳೀತಾನೆ, ನಿಮ್ಮ ಅಣ್ಣನಾಗೂ ಉಳೀತಾನೆ." ಅದು ಮೂದಲಿಕೆಯೋ ಸಲಹೆಯೋ ಅವನಿಗೆ ತಿಳಿಯಲಿಲ್ಲ. ಅದು ಆಗದ ಮಾತಲ್ಲ ಎಂಬುದು ಮಾತ್ರ ಒಂದು ತಿಂಗಳು ಅವನ ನಿದ್ದೆ ಕೆಡಿಸಿತು.

ಅಕ್ಟೋಬರ್ ಇಪ್ಪತ್ತು, ಮಂಗಳವಾರ, ಸರಿಸಂಖ್ಯೆ. ಐದು ಗಂಟೆಗೆ ಕೆಂಪು ದೀಪ ಹತ್ತಿತು. ಲಿಯಾವ್ ಫಾನ್‌ನ ಬಲಕ್ಕೆ, ಸ್ವಲ್ಪ ಎದುರಾಗಿ, ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತಿದ್ದ. ಗಾಜಿನಾಚೆ ಛಾಯ್‌ಫೆಂಗ್, ನಲವತ್ತರ ಆಸುಪಾಸಿನ ಸಣ್ಣ ಹೆಂಗಸು, ಫೋನಿನ ಮುಂದಿದ್ದಳು. ಹಳೆಯ ಆಟದ ಒಂದೆರಡು ತುಣುಕು ಆಡಿದರು. ತಾಳ ತಪ್ಪಲಿಲ್ಲ. ಐದೂ ಇಪ್ಪತ್ತೆರಡಕ್ಕೆ ಮೊದಲ ಕರೆ.

"ಲೇ ಫಾನ್ ಮುದುಕ! ನಾನು ಸಾನ್‌ಚುಂಗ್‌ನ ಟ್ಯಾಕ್ಸಿಯವನು. ತೊಂಬತ್ತನಾಲ್ಕರಲ್ಲಿ ನಿನ್ನ ತಗಡಿನ ಗೂಡಿಗೆ ಪೊಲೀಸರು ಬಂದಾಗ ರಸ್ತೆಗೆ ಅಡ್ಡ ಟ್ಯಾಕ್ಸಿ ನಿಲ್ಸಿದ್ದು ನಾನು. ಬಾಗಿಲು ಜಜ್ಜಿ ಹಾಕಿದ್ರು. ನಿನ್ನ ಮಾತು ನಂಬಿ ನಿಂತೆ ಕಣೋ! ಇವತ್ತು ಅವರ ಮನೆ ಬಾಗಿಲಲ್ಲೇ ಬಾಲ ಆಡಿಸ್ಕೊಂಡು ಕೂತಿದೀಯಲ್ಲ, ನಾಚಿಕೆ ಆಗಲ್ವಾ? ಪಕ್ಕದಲ್ಲಿರೋನು ಯಾರು, ಆ ಹೂಂಗುಡೋ ಮುದಿ ಕುರೀನಾ?"

ಗಾಜಿನಾಚೆ ಛಾಯ್‌ಫೆಂಗ್ ಎರಡೂ ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದಳು. ಅವಳು ಗಾಜಿಗೆ ಒತ್ತಿ ಹಿಡಿದ ಚೀಟಿಯಲ್ಲಿ ದೊಡ್ಡ ಅಕ್ಷರಗಳಿದ್ದವು: 'ಸಾನ್‌ಚುಂಗ್ ಟ್ಯಾಕ್ಸಿ ಚಾಲಕ. ಹದಿನೈದು ವರ್ಷಕ್ಕೆ ಹಾರೈಕೆ.' ಫಾನ್ ಚೀಟಿ ಓದಿ, ಮುಗುಳ್ನಕ್ಕು, ಲಿಯಾವ್‌ನ ತುಟಿಯತ್ತ ತಿರುಗಿದ.

ಹೂಂ ಅಂದರೆ ಸಾಕಿತ್ತು. ಕೇಳುಗರು ಹಾಸ್ಯವೆಂದುಕೊಳ್ಳುತ್ತಿದ್ದರು; ಅಣ್ಣ ನೀಲಿಯಾಗಿಯೇ ಉಳಿಯುತ್ತಿದ್ದ. ಲಿಯಾವ್‌ಗೆ ಬಿಸಿಲು ಕಾಯಿಸಲು ಕೈ ಹಿಡಿದು ಕರೆದೊಯ್ದ ಆ ಬೆಳಗು ನೆನಪಾಯಿತು. ಇವನನ್ನು ಒಮ್ಮೆ ತಪ್ಪು ಹೇಳಿ ಹೊರಗೆ ನಡೆಸಿದ್ದು ಸಾಕು.

ಅವನು ತುಟಿ ಬಿಡಿಸಿ, ಒಂದಕ್ಷರ ಬಿಡದೆ, ತಿರುಗಿ ಹೇಳಿದ. ಟ್ಯಾಕ್ಸಿ, ಬಾಗಿಲು, ಬಾಲ, ನಾಚಿಕೆ. ಕೊನೆಗೆ ಮುದಿ ಕುರಿ.

ಮೂರು ಸೆಕೆಂಡು ಮೌನ. ರೇಡಿಯೋದಲ್ಲಿ ಮೂರು ಸೆಕೆಂಡೆಂದರೆ ಒಂದು ಶವಯಾತ್ರೆ ಸಾಗಿಹೋಗುವಷ್ಟು ಹೊತ್ತು. ಫಾನ್‌ನ ಕಣ್ಣು ಕಿರಿದಾಯಿತು. "ಇದು ಅವನು ಹೇಳಿದ್ದೋ, ನೀನು ಸೇರಿಸಿದ್ದೋ?"

"ಮುದಿ ಕುರಿ ಅಂತ ನನ್ನನ್ನ ನಾನೇ ಬೈಕೋತೀನಾ ಅಣ್ಣಾ?"

ಟ್ಯಾಕ್ಸಿಯವನು ತಡೆಯಲಾರದೆ ಕಿಸಕ್ಕನೆ ನಕ್ಕ; ಅದನ್ನೂ ಲಿಯಾವ್ ವರದಿ ಮಾಡಿದ: "ನಗ್ತಿದಾನೆ." ಫಾನ್ ಮೈಕಿಗೆ ಬಾಗಿದ. "ಸ್ವಾಮಿ ಟ್ಯಾಕ್ಸಿ, ನಾಲ್ಕು ವರ್ಷ ಎಲ್ಲಿ ಹೋಗಿದ್ರಿ? ಆಗ್ಲೇ ಯಾಕೆ ಬೈಲಿಲ್ಲ?"

"ವಾರಾ ವಾರಾ ಫೋನ್ ಮಾಡಿದೀನಲ್ಲೋ! ಯಾವತ್ತು ಓದಿದೀಯಾ?"

ಲಿಯಾವ್ ತಿರುಗಿ ಹೇಳಿದ. ಫಾನ್ ನಿಧಾನವಾಗಿ ಗಾಜಿನ ಕಡೆ ಮುಖ ಮಾಡಿದ. ಚೀಟಿ ಕೆಳಗಿಳಿದಿತ್ತು.

ಮೊಣಕಾಲಿನ ಲೇಪದ ಜಾಹೀರಾತು ಓಡುವಾಗ ಅವಳು ಒಳಗೆ ಬಂದಳು. "ಯಾರೂ ಹೇಳಿ ಮಾಡಿಸ್ಲಿಲ್ಲ ತಾತ, ಆಣೆ. ಕಿವಿ ಹೋದ ಹೊಸದ್ರಲ್ಲಿ ಒಂದು ಬೈಗುಳ ಬರ್ಕೊಟ್ಟಿದ್ದೆ. ನೀವು ಮೂರು ದಿನ ಊಟ ಬಿಟ್ರಿ. ಆಮೇಲಿಂದ ಒಳ್ಳೇದು ಹೇಳೋರ್ದು ಮಾತ್ರ ಆರಿಸಿಕೊಡ್ತಿದ್ದೆ. ನೀವು ಏನಂದ್ರೂ ಯಾರಾದ್ರೂ ಒಬ್ರು ಭೇಷ್ ಅಂತಾರಲ್ಲ."

ಲಿಯಾವ್ ಅದನ್ನೂ ತಿರುಗಿ ಹೇಳಿದ. ಅವಳ ಮುಖವನ್ನು ಸಂಶಯದಿಂದ ಓದಿದ. ಬೇರೆ ಏನೂ ಸಿಗಲಿಲ್ಲ. ನಾಲ್ಕು ವರ್ಷ ಅವನು ಹುಡುಕಿದ ಕೈ ಇಷ್ಟು ಸಣ್ಣದಿತ್ತು.

"ಹಾಗಾದ್ರೆ ನಾನು ಜನರ ಜೊತೆ ತಿರುಗಿದ್ದಲ್ಲ," ಎಂದ ಫಾನ್.

"ಹೂಂ," ಎಂದ ಲಿಯಾವ್. ವೇದಿಕೆಯ ಹೂಂ ಅಲ್ಲ ಅದು.

"ಈಗ ಯಾವ ಕಡೆ ಅಂತ ಯಾರನ್ನ ಕೇಳ್ಲಿ?"

"ನನ್ನ ಕೇಳಬೇಡ. ನಾನು ನೀಲಿ. ನನ್ನ ಮಾತು ನಂಬೋಕಾಗಲ್ಲ."

ಫಾನ್ ಅವನನ್ನು ನೋಡಿದ. ಆ ನೋಟದಲ್ಲಿ ಹೊಸದೊಂದು ಅನುಮಾನ ಬಂದು ಕೂತಿತ್ತು. ಇನ್ನು ಮೇಲೆ ಈ ತುಟಿಗಳಿಂದ ಬರುವ ಪ್ರತಿ ಹೊಗಳಿಕೆಯನ್ನೂ ಅವನು ಹಿಂದುಮುಂದು ತಿರುಗಿಸಿ ನೋಡುವನು. ಆಗಲಿ, ಎಂದುಕೊಂಡ ಲಿಯಾವ್. ನಾಲ್ಕು ವರ್ಷ ತಾನು ಮಾಡಿದ ಕೆಲಸ ಈಗ ಅವನ ಪಾಲಿಗೆ.

ಕೆಂಪು ದೀಪ ಮತ್ತೆ ಹತ್ತಿತು. ಕಿಟಕಿಯಾಚೆಯಿಂದ ಹಾಡು ಸುಳಿಯಿತು. ಲಿಯಾವ್ ಗಡಿಯಾರ ನೋಡಿದ: ಐದೂ ಮೂವತ್ತೇಳು. ಎರಡು ನಿಮಿಷ ತಡ; ಏಕೆಂದು ವಿಚಾರಿಸಬೇಕು.

"ಏನು?" ಎಂದಿತು ಫಾನ್‌ನ ಹುಬ್ಬು.

"ಕಸದ ಗಾಡಿ ಬಂತು."

"ಮಂಗಳವಾರ ತಾನೇ?"

"ಮಂಗಳವಾರವೇ."

ಫಾನ್ ಮೈಕನ್ನು ಹತ್ತಿರಕ್ಕೆಳೆದುಕೊಂಡ. "ಕೇಳಿದ್ರಾ ಮಹಾಜನರೇ? ಇದು ಅಪ್ಪಟ ನೇರ ಪ್ರಸಾರ. ಹೋಗಿ, ಕಸ ಹಾಕಿ ಬನ್ನಿ, ಕಾಯ್ತಿರ್ತೀನಿ. ಬಂದು ಒಬ್ಬೊಬ್ರಾಗಿ ಬೈಯಿರಿ."

ಗಾಜಿನಾಚೆ ಫೋನಿನ ದೀಪಗಳು ಒಂದರ ಹಿಂದೊಂದು ಮಿನುಗತೊಡಗಿದವು. ಲಿಯಾವ್ ಹೆಡ್‌ಫೋನನ್ನು ಸರಿಪಡಿಸಿಕೊಂಡು ಅಣ್ಣನ ಕಡೆಗೆ ಮುಖ ಮಾಡಿ ಕುಳಿತ.